ಮನೆಯೊಳಗಿನ ಬಾನುಲಿ ನಿಲಯಗಳು

ಕಂಬಂ ಕಣಿವೆಯಲ್ಲಿಯೂ ತೇನಿ, ದಿಂಡಿಗಲ್ಲುಗಳ ಕಡೆಯಲ್ಲಿಯೂ ರೇಡಿಯೋವನ್ನು ತಮಿಳಿನಲ್ಲಿ 'ವಾನೊಲಿ' ಎನ್ನುತ್ತಾರೆ. ಕನ್ನಡದ ಪುಸ್ತಕಗಳಲ್ಲಿ ಅದರ ಹೆಸರು 'ಬಾನುಲಿ'. ಎರಡು ಮಾತುಗಳೂ ಒಡಹುಟ್ಟಿದ ಅಕ್ಕತಂಗಿಯರಂತೆ ತೋರುತ್ತವೆ. ಇವೆರಡರ ನಡುವೆ ಮೂರನೆಯದಾಗಿ 'ಆಕಾಶವಾಣಿ' ಎಂಬ ಸಂಸ್ಕೃತದ ಹೆಸರೊಂದಿದೆ. ಕೇಂದ್ರ ಸರಕಾರದ ಪ್ರಸಾರ ಸಂಸ್ಥೆಯನ್ನು ಇಡೀ ದೇಶವು ಈ ಹೆಸರಿನಿಂದ ಗುರುತಿಸುವುದರಿಂದ, ಇದು ದೆಹಲಿಯ ಕಛೇರಿಯೊಂದರಲ್ಲಿ ಹುಟ್ಟಿದ್ದಿರಬೇಕೆಂದು ನಮ್ಮ ವಿದ್ಯಾರ್ಥಿಗಳು ಭಾವಿಸುವುದು ಸಹಜ. ನಿಜಸ್ಥಿತಿ ಹಾಗಿಲ್ಲ. ಬಾನುಲಿ ನಿಲಯವೊಂದಕ್ಕೆ ಈ ಹೆಸರು ಸಂದದ್ದು ಮೈಸೂರಿನಲ್ಲಿ. ಆ ನಿಲಯವು ಪ್ರಾರಂಭವಾದದ್ದು ಕಾಲೇಜಿನ ಅಧ್ಯಾಪಕರೊಬ್ಬರ ವಾಸದ ಮನೆಯಲ್ಲಿ.

ಈ ಸಂಗತಿಯನ್ನು ನಮ್ಮ ಕಡೆಯ ಕನ್ನಡಿಗರು ವಿಶೇಷವಾಗಿ ನೆನೆಯಬೇಕಾದ ಕಾರಣವುಂಟು. ಇಲ್ಲಿಯ ಕಪ್ಪಿಲಿಯರ ಮನೆಗಳಲ್ಲಿಯೂ ಅನುಪ್ಪರ ಮನೆಗಳಲ್ಲಿಯೂ ಕನ್ನಡವು ತಲೆಮಾರುಗಳಿಂದ ಬಾಯಿಂದ ಬಾಯಿಗೆ ಸಾಗಿಬಂದ ನುಡಿ. ಲೆಕ್ಕಪತ್ರಕ್ಕೂ ಶಾಲೆಗೂ ತಮಿಳು, ಒಲೆಯ ಮುಂದಿನ ಮಾತಿಗೆ ಕನ್ನಡ. ಅಕ್ಷರದ ಆಸರೆಯಿಲ್ಲದೆ ಧ್ವನಿಯ ಬಲದಿಂದಲೇ ಉಳಿದ ಭಾಷೆಯನ್ನಾಡುವವರಿಗೆ, ಧ್ವನಿಯನ್ನೇ ದೂರಕ್ಕೆ ಒಯ್ಯುವ ಯಂತ್ರದ ಚರಿತ್ರೆಯು ಹೊರಗಿನವರ ಕಥೆಯಾಗಲಾರದು.

ಮನೆಯೊಳಗಿನ ನಿಲಯವೆಂದರೆ ಏನೆಂಬುದನ್ನು ಮೊದಲು ಹೇಳಿಬಿಡುತ್ತೇವೆ. ಪ್ರಸಾರವನ್ನು ಕೇಳುವ ಪೆಟ್ಟಿಗೆ ಕೋಟ್ಯಂತರ ಮನೆಗಳಲ್ಲಿ ಇದ್ದಿತು. ಕೇಳುವುದರ ಜೊತೆಗೆ ಮಾತನ್ನು ಕಳುಹಿಸಲೂ ಬಲ್ಲ ಏರ್ಪಾಡು ಕೆಲವೇ ಮನೆಗಳಲ್ಲಿ ಇರುವಂಥದು. ಹವ್ಯಾಸಿಯ ಮೇಜಿನ ಮೇಲೆ ಪ್ರೇಷಕ ಯಂತ್ರ, ಗ್ರಾಹಕ ಯಂತ್ರ, ಮೋರ್ಸ್ ಸಂಕೇತವನ್ನು ಒತ್ತುವ ಕೀಲಿ, ಒಂದು ಗಡಿಯಾರ, ಮತ್ತು ಯಾವ ಹೊತ್ತಿನಲ್ಲಿ ಯಾರೊಡನೆ ಯಾವ ಕಂಪನಾಂಕದಲ್ಲಿ ಮಾತಾಯಿತೆಂದು ಬರೆದಿಡುವ ದಿನಚರಿಯ ಪುಸ್ತಕ, ಇಷ್ಟಿದ್ದರೆ ಸಾಕು. ಈಗ ಪ್ರೇಷಕ, ಗ್ರಾಹಕಗಳೆರಡೂ ಒಂದೇ ಪೆಟ್ಟಿಗೆಯಲ್ಲಿ ಅಡಕವಾಗಿವೆ. ವಿದ್ಯುತ್ತು ಹೋದಾಗ ಲಾರಿಯ 12 ವೋಲ್ಟಿನ ಬ್ಯಾಟರಿಯಿಂದಲೂ ಅದು ನಡೆಯುತ್ತದೆ. ಹೊರಗೆ ಎರಡು ತೆಂಗಿನ ಮರಗಳ ನಡುವೆ ಕಟ್ಟಿದ ತಂತಿಯೇ ಏರಿಯಲ್. ತಂತಿಯ ಅಳತೆ ಮಾತ್ರ ಅಂದಾಜಿನದಲ್ಲ. 7 ಮೆಗಾಹರ್ಟ್ಸಿನ ತರಂಗದ ಉದ್ದ ಸುಮಾರು 42 ಮೀಟರಾದುದರಿಂದ, ಅದರ ಅರ್ಧ, ಎಂದರೆ 20 ಮೀಟರಿನಷ್ಟು ತಂತಿ ಬೇಕು. ಅದನ್ನು ನಡುವೆ ಕತ್ತರಿಸಿ ಅಲ್ಲಿಂದ ಕೇಬಲ್ಲನ್ನು ಮನೆಯೊಳಕ್ಕೆ ಇಳಿಸಬೇಕು. ಗುಡುಗು ಸಿಡಿಲಿನ ಐಪ್ಪಸಿಯ ಮಳೆಗಾಲದಲ್ಲಿ ಆ ಕೇಬಲ್ಲನ್ನು ಕಳಚಿ ಹೊರಗಿಡುವುದನ್ನು ಮರೆಯಬಾರದು.

ಇಂಥ ಹವ್ಯಾಸಿಗಳಿಗೆ ಲೋಕವೆಲ್ಲ 'ಹ್ಯಾಮ್' ಎಂಬ ಹೆಸರು ಬಂದಿದೆ. ಕೈ ಪಳಗದ ತಂತಿ ಗುಮಾಸ್ತರನ್ನು ಹೀಯಾಳಿಸುವುದಕ್ಕೆ ಬಳಸುತ್ತಿದ್ದ ಮಾತು ಅದು. ಹೀಯಾಳಿಸಲ್ಪಟ್ಟವರೇ ಅದನ್ನು ಹೆಮ್ಮೆಯಿಂದ ಧರಿಸಿಕೊಂಡರು. ಅವರ ಪಾಲಿಗೆ ಬಂದ ತರಂಗಗಳ ಕಥೆಯೂ ಇದೇ ಬಗೆಯದು. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದ ಬಳಿಕ ಅಮೆರಿಕದ ಸರಕಾರವು ನಿಸ್ತಂತು ಶಾಸನವನ್ನು ಮಾಡಿ, ಉಪಯುಕ್ತವೆಂದು ತೋರಿದ ದೀರ್ಘ ತರಂಗಗಳನ್ನು ಹಡಗುಗಳಿಗೂ ನೌಕಾಪಡೆಗೂ ಕೊಟ್ಟು, 200 ಮೀಟರು ಮತ್ತು ಅದಕ್ಕಿಂತ ಹ್ರಸ್ವವಾದ ತರಂಗಗಳನ್ನು ಹವ್ಯಾಸಿಗಳಿಗೆ ಬಿಟ್ಟಿತು. ಅವು ದೂರ ಹೋಗಲಾರವೆಂದು ಆಗಿನ ಪಂಡಿತರ ಎಣಿಕೆ. ಬರಡೆಂದು ಬಡ ಒಕ್ಕಲಿಗನಿಗೆ ಬಿಟ್ಟ ನೆಲದಲ್ಲಿ ಸಿಹಿನೀರಿನ ಬಾವಿ ಸಿಕ್ಕಂತಾಯಿತು. 1923ರ ನವೆಂಬರಿನಲ್ಲಿ ಅಮೆರಿಕದ ಫ್ರೆಡ್ ಷ್ನೆಲ್ ಎಂಬವರೂ ಫ್ರಾನ್ಸಿನ ಲಿಯೋನ್ ದೆಲ್ವಾ ಎಂಬವರೂ ಸುಮಾರು 110 ಮೀಟರಿನ ತರಂಗದಲ್ಲಿ ಅಟ್ಲಾಂಟಿಕ್ ಸಾಗರದ ಆಚೆ ಈಚೆ ನಿಂತು ಪರಸ್ಪರ ಸಂಭಾಷಿಸಿದರು. ಅಲ್ಲಿಂದ ಮುಂದೆ ಸರಕಾರಗಳೂ ಕಂಪೆನಿಗಳೂ ಹ್ರಸ್ವ ತರಂಗಗಳತ್ತ ಧಾವಿಸಿದುದನ್ನು ವಾಚಕರು ಊಹಿಸಬಲ್ಲರು.

ಸಾರ್ವಜನಿಕ ಪ್ರಸಾರವೆಂಬುದು ಕೂಡ ಮನೆಯಿಂದಲೇ ಹೊರಟದ್ದು. ಅಮೆರಿಕದ ಪಿಟ್ಸ್‌ಬರ್ಗಿನ ಬಳಿ ಫ್ರಾಂಕ್ ಕಾನ್ರಾಡ್ ಎಂಬ ಎಂಜಿನಿಯರು ತಮ್ಮ ಮನೆಯ ಮೋಟಾರು ಕೊಟ್ಟಿಗೆಯಿಂದ ಗ್ರಾಮಫೋನು ತಟ್ಟೆಗಳನ್ನು ಕೇಳಿಸುತ್ತಿದ್ದರು. ಕೇಳುವವರು ಹೆಚ್ಚಿದುದನ್ನು ಕಂಡು ಅವರು ಕೆಲಸಕ್ಕಿದ್ದ ವೆಸ್ಟಿಂಗ್‌ಹೌಸ್ ಕಂಪೆನಿಯು ಕೆ.ಡಿ.ಕೆ.ಎ. ಎಂಬ ನಿಲಯವನ್ನು ಸ್ಥಾಪಿಸಿ, 1920ರ ನವೆಂಬರ್ 2ರಂದು ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ಸಾರಿತು.

ನಮ್ಮ ದೇಶದಲ್ಲಿ 1921ರಲ್ಲಿ ಅಮರೇಂದ್ರ ಚಂದ್ರ ಗುಪ್ತ ಮತ್ತು ಮುಕುಲ ಬೋಸ್ ಎಂಬಿಬ್ಬರು ಹವ್ಯಾಸಿ ನಿಲಯಗಳನ್ನು ನಡೆಸಿದ ಮೊದಲಿಗರೆಂದು ಎಣಿಸಲಾಗಿದೆ. ದಕ್ಷಿಣದಲ್ಲಿ ಮೊದಲ ಗೌರವವು ಮದರಾಸಿಗೆ ಸಲ್ಲಬೇಕು. 1924ರಲ್ಲಿ ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಮುಂದಾಳುತನದಲ್ಲಿ ಮದರಾಸು ಪ್ರಾಂತದ ರೇಡಿಯೋ ಕ್ಲಬ್ಬು ಹುಟ್ಟಿ, ಅದೇ ವರ್ಷದ ಜುಲೈ 31ರಂದು ಪ್ರಸಾರವನ್ನು ಆರಂಭಿಸಿತು. ಹಣದ ಮುಗ್ಗಟ್ಟಿನಿಂದ 1927ರಲ್ಲಿ ಅದು ನಿಂತುಹೋಯಿತು. ಯಂತ್ರವು ಮದರಾಸಿನ ನಗರಸಭೆಯ ಕೈಸೇರಿ, 1930ರ ಏಪ್ರಿಲ್ 1ರಿಂದ ಮತ್ತೆ ಉಲಿಯಿತು. ಬೊಂಬಾಯಿಯಲ್ಲಿ 1927ರಲ್ಲಿ ಹುಟ್ಟಿದ ಖಾಸಗಿ ಪ್ರಸಾರ ಕಂಪೆನಿಗೆ ಲಕ್ಷಾಂತರ ರೂಪಾಯಿಗಳ ಬಂಡವಾಳವಿದ್ದಿತು. ಅದೂ ಮೂರು ವರ್ಷ ತುಂಬುವುದರೊಳಗೆ ದಿವಾಳಿಯಾಯಿತು. ಹಣವಿದ್ದ ಮಾತ್ರಕ್ಕೆ ನಿಲಯ ಉಳಿಯದು ಎಂಬುದಕ್ಕೆ ಇದು ಸಾಕ್ಷಿ; ಮೈಸೂರಿನ ಕಥೆಯನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕು.

ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಅಧ್ಯಯನ ಮಾಡಿ ಬಂದವರು. 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರೂ ಅವರೇ. ಕಲ್ಕತ್ತೆಯನ್ನು ಬಿಟ್ಟರೆ ಭಾರತದಲ್ಲಿ ಅಂಥ ವಿಭಾಗವು ಅಲ್ಲಿಯವರೆಗೆ ಬೇರೆಲ್ಲಿಯೂ ಇರಲಿಲ್ಲ. ಮನಸ್ಸಿನ ಶಾಸ್ತ್ರವನ್ನು ಕಲಿಸುವವರಿಗೆ ನಿಸ್ತಂತುವಿನ ಗೀಳೇಕೆಂದು ಕೇಳಬಹುದು. ಕಿವಿಯ ಮೂಲಕ ಮನಸ್ಸನ್ನು ಮುಟ್ಟುವ ವಿದ್ಯೆಯು ಮನಶ್ಶಾಸ್ತ್ರಜ್ಞರನ್ನು ಆಕರ್ಷಿಸಿದುದರಲ್ಲಿ ನಮಗಂತೂ ಆಶ್ಚರ್ಯವೇನೂ ಕಾಣುವುದಿಲ್ಲ. ಅವರು 30 ವಾಟ್ ಶಕ್ತಿಯ ಫಿಲಿಪ್ಸ್ ಪ್ರೇಷಕ ಯಂತ್ರವೊಂದನ್ನು ತರಿಸಿ, 'ವಿಠಲ ವಿಹಾರ'ವೆಂಬ ತಮ್ಮ ಮನೆಯಲ್ಲಿ ಸ್ಥಾಪಿಸಿ, 1935ರ ಸೆಪ್ಟೆಂಬರ್ 10ರಂದು ಪ್ರಸಾರವನ್ನು ಪ್ರಾರಂಭಿಸಿದರು.

30 ವಾಟ್ ಎಂದರೆ ಎಷ್ಟು? ಪಡಸಾಲೆಯ 40 ವಾಟಿನ ಬಲ್ಬಿಗೂ ಸಾಲದಷ್ಟು. ಮೈಸೂರು ನಗರಕ್ಕೆ ಶಿವನಸಮುದ್ರದ ವಿದ್ಯುತ್ತು 1908ರಲ್ಲಿಯೇ ಬಂದಿದ್ದುದರಿಂದ ಯಂತ್ರಕ್ಕೆ ಬೇಕಾದ ಆಹಾರಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ನಿತ್ಯವೂ ಹೇಳಲು ಬೇಕಾಗುವ ವಿಷಯಕ್ಕೆ, ಹಾಡುವ ಕಂಠಗಳಿಗೆ, ಮತ್ತು ಹಣಕ್ಕೆ. ಯಂತ್ರವನ್ನು ಕೊಳ್ಳುವುದು ಒಂದು ದಿನದ ವೆಚ್ಚ, ನಿಲಯವನ್ನು ನಡೆಸುವುದು ದಿನದಿನದ ವೆಚ್ಚ. ಬೊಂಬಾಯಿಯ ಕಂಪೆನಿಯನ್ನು ಮುಳುಗಿಸಿದ್ದು ಇಂಥ ವೆಚ್ಚವೇ. ಮೈಸೂರಿನಲ್ಲಿ ಇದನ್ನು ಹೊತ್ತುದು ಮೊದಲಿಗೆ ಗೋಪಾಲಸ್ವಾಮಿಯವರ ಸ್ವಂತ ಗಳಿಕೆ. ಮುಂದೆ ನಗರಸಭೆಯೂ ನೆರವಾಯಿತು. ಸಾಹಿತಿಗಳಿಗೂ ವಿದ್ವಾಂಸರಿಗೂ ಗಾಯಕರಿಗೂ ಬರಗಾಲವಿಲ್ಲದ ಊರು ಮೈಸೂರಾದುದು ನಿಲಯದ ಪುಣ್ಯ.

ಈ ದಿನಾಂಕವನ್ನು ದೆಹಲಿಯ ದಿನಾಂಕಗಳೊಡನೆ ಇಟ್ಟು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಸರಕಾರದ ಪ್ರಸಾರ ಇಲಾಖೆಯನ್ನು ಕಟ್ಟಲೆಂದು ಇಂಗ್ಲೆಂಡಿನಿಂದ ಬಂದ ಲಯನೆಲ್ ಫೀಲ್ಡನ್ನರು ಅಧಿಕಾರ ವಹಿಸಿಕೊಂಡದ್ದು ಅದೇ ವರ್ಷದ ಆಗಸ್ಟ್ 30ರಂದು. ದೆಹಲಿಯ ನಿಲಯ ತೆರೆದುದು 1936ರ ಜನವರಿ 1ರಂದು. 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಜಾರಿಗೆ ಬಂದುದು 1936ರ ಜೂನ್ 8ರಂದು. ರಾಜಧಾನಿಯ ನಿಲಯವು ಕಣ್ತೆರೆಯುವುದಕ್ಕೆ ಮುನ್ನವೇ ಕನ್ನಡಿಗರ ಮನೆಯೊಂದು ಕನ್ನಡವನ್ನು ಗಾಳಿಗೆ ಬಿಟ್ಟಾಗಿದ್ದಿತು. ಈ ಕಡೆಗೆ ಕೇಳಿಸುವ ತಿರುಚಿರಾಪಳ್ಳಿಯ ಸರಕಾರಿ ನಿಲಯವಂತೂ 1939ರ ಮೇ ತಿಂಗಳವರೆಗೆ ಹುಟ್ಟಲೇ ಇಲ್ಲ.

ನಿಲಯಕ್ಕೆ 'ಆಕಾಶವಾಣಿ' ಎಂದು ಹೆಸರಿಟ್ಟವರು ಸಾಹಿತಿ ನಾ. ಕಸ್ತೂರಿಯವರೆಂದು ಪ್ರತೀತಿ. ಕನ್ನಡದ ಹಾಸ್ಯಲೇಖಕರಾಗಿ ಪ್ರಸಿದ್ಧರಾದ ಅವರು ಈ ನಿಲಯದಲ್ಲಿಯೂ ದುಡಿದವರು. ಪುರಾಣಗಳಲ್ಲಿ ಆಕಾಶವಾಣಿಯೆಂದರೆ ಯಾರೂ ಕಾಣದ, ಎಲ್ಲರಿಗೂ ಕೇಳುವ, ಸುಳ್ಳಾಡದ ಅಶರೀರವಾಣಿ; ಕಂಸನಿಗೆ ಎಚ್ಚರಿಕೆ ಕೊಟ್ಟದ್ದು ಅದು. ಹೊಸ ಯಂತ್ರಕ್ಕೆ ಹಳೆಯ ಹೆಸರನ್ನು ಇಷ್ಟು ಹೊಂದಿಕೆಯಾಗಿ ತೊಡಿಸಿದ ಉದಾಹರಣೆ ವಿರಳ. (ಸುಳ್ಳಾಡದ ಗುಣವನ್ನು ಎಲ್ಲ ನಿಲಯಗಳೂ ಎಲ್ಲ ಕಾಲದಲ್ಲಿಯೂ ಉಳಿಸಿಕೊಂಡವೇ ಎಂಬ ಪ್ರಶ್ನೆ ಬೇರೆ.) 1942ರ ಜನವರಿ 1ರಂದು ಮೈಸೂರು ಸಂಸ್ಥಾನದ ಸರಕಾರವು ನಿಲಯವನ್ನು ವಹಿಸಿಕೊಂಡಿತು, ಅದರ ಶಕ್ತಿ 250 ವಾಟುಗಳಿಗೆ ಏರಿತು. 1950ರ ಏಪ್ರಿಲಿನಲ್ಲಿ ಅದು ಆಲ್ ಇಂಡಿಯಾ ರೇಡಿಯೋದಲ್ಲಿ ವಿಲೀನವಾಯಿತು. 1955ರ ನವೆಂಬರ್ 2ರಂದು ಬೆಂಗಳೂರಿನ ನಿಲಯ ತೆರೆದು, ಮೈಸೂರಿನ ಕೆಲಸವು ಅಲ್ಲಿಗೆ ಹೋಯಿತು. ನಿಲಯ ಹೋದರೂ ಹೆಸರು ಉಳಿಯಿತು: 1957ರ ಹೊತ್ತಿಗೆ ಕೇಂದ್ರ ಸಂಸ್ಥೆಯೇ ಅದನ್ನು ತನ್ನ ಹೆಸರಾಗಿ ಸ್ವೀಕರಿಸಿತು. ತಮಿಳುನಾಡಿನಲ್ಲಿ ಇದಕ್ಕೆ ವಿರೋಧ ಹುಟ್ಟಿ ತಮಿಳು ನಿಲಯಗಳಲ್ಲಿ 'ವಾನೊಲಿ'ಯೇ ನೆಲೆಸಿತು. ಹಿಂದಿಯ ಹೇರಿಕೆಯೆಂದು ಇಲ್ಲಿ ಎದುರಿಸಿದ ಹೆಸರು ಕನ್ನಡಿಗರ ಮನೆಯೊಂದರಿಂದ ಹೊರಟು ದೆಹಲಿಯನ್ನು ಸುತ್ತಿಬಂದುದೆಂಬುದು ಚರಿತ್ರೆಯ ಒಂದು ಚಮತ್ಕಾರ.

ಮೈಸೂರಿನ ಮನೆಯ ನಿಲಯವು ಸರಕಾರದ್ದಾದ 1942ರಲ್ಲಿಯೇ ಬೊಂಬಾಯಿಯಲ್ಲಿ ಅಂಥದೇ ಯಂತ್ರವು ರಾಜದ್ರೋಹದ ಸಾಧನವಾಯಿತು. 1939ರಲ್ಲಿ ಯುದ್ಧ ಪ್ರಾರಂಭವಾಗುತ್ತಲೇ ಬ್ರಿಟಿಷ್ ಸರಕಾರವು ಹವ್ಯಾಸಿಗಳ ಪರವಾನಗಿಗಳನ್ನು ರದ್ದುಪಡಿಸಿ ಯಂತ್ರಗಳನ್ನು ಒಪ್ಪಿಸಬೇಕೆಂದು ಆಜ್ಞೆಮಾಡಿತ್ತು. ಕ್ವಿಟ್ ಇಂಡಿಯಾ ಚಳುವಳಿಯ ನಾಯಕರೆಲ್ಲ ಸೆರೆಯಾದ ಆಗಸ್ಟಿನಲ್ಲಿ, 22 ವರ್ಷದ ಉಷಾ ಮೆಹತಾ ಮತ್ತು ಅವರ ಸಂಗಡಿಗರು ಗುಟ್ಟಾಗಿ 'ಕಾಂಗ್ರೆಸ್ ರೇಡಿಯೋ'ವನ್ನು ನಡೆಸತೊಡಗಿದರು. ಯಂತ್ರವನ್ನು ಒದಗಿಸಿದವರಲ್ಲಿ ನರೀಮನ್ ಪ್ರಿಂಟರ್ ಎಂಬ ಹವ್ಯಾಸಿಯೂ ಇದ್ದರು. ಪೋಲೀಸರ ಕಣ್ಣು ತಪ್ಪಿಸಲು ಮನೆಯಿಂದ ಮನೆಗೆ ಯಂತ್ರವನ್ನು ಸಾಗಿಸುತ್ತ, 42.34 ಮೀಟರಿನಲ್ಲಿ ಅವರು ಪ್ರಸಾರ ಮಾಡಿದರು. ಇದನ್ನು ಕಂಪನಾಂಕಕ್ಕೆ ತಿರುಗಿಸಿದರೆ ಸುಮಾರು 7.085 ಮೆಗಾಹರ್ಟ್ಸ್ ಆಗುತ್ತದೆ. ಇಂದಿಗೂ ಹವ್ಯಾಸಿಗಳಿಗೆ ಮೀಸಲಾದ 40 ಮೀಟರಿನ ಪಟ್ಟಿಯೊಳಗೇ ಇದು ಬೀಳುತ್ತದೆ. ವಿದ್ಯಾರ್ಥಿಗಳು 300ನ್ನು 42.34ರಿಂದ ಭಾಗಿಸಿ ನೋಡಬಹುದು. ನವೆಂಬರ್ 12ರಂದು ನಿಲಯವು ಸಿಕ್ಕಿಬಿದ್ದಿತು. ಉಷಾ ಮೆಹತಾ ಅವರು 1946ರವರೆಗೆ ಸೆರೆಮನೆಯಲ್ಲಿದ್ದರು. ಯಂತ್ರದಲ್ಲಿ ರಾಜಭಕ್ತಿಯೂ ಇಲ್ಲ, ದ್ರೋಹವೂ ಇಲ್ಲ. ಆದಕಾರಣವೇ ಸರಕಾರಗಳು ಮನೆಯೊಳಗಿನ ನಿಲಯವನ್ನು ಒಂದು ಕಣ್ಣಿನಲ್ಲಿ ಮೆಚ್ಚಿ ಇನ್ನೊಂದು ಕಣ್ಣಿನಲ್ಲಿ ಶಂಕಿಸುತ್ತ ಬಂದಿವೆ.

ಸ್ವಾತಂತ್ರ್ಯಾನಂತರ 1948ರಲ್ಲಿ ಮಧ್ಯಭಾರತದ ಮಹೂ ದಂಡಿನಲ್ಲಿ ಹವ್ಯಾಸಿಗಳ ಅಖಿಲ ಭಾರತ ಸಂಘ ಹುಟ್ಟಿತು; 1959ರಲ್ಲಿ ಬೆಂಗಳೂರಿನ ಹವ್ಯಾಸಿ ಕ್ಲಬ್ಬು ಬಂದಿತು. ಯುದ್ಧದ ಬಳಿಕ ಸೈನ್ಯವು ಹರಾಜಿಗೆ ಹಾಕಿದ ಹಳೆಯ ಯಂತ್ರಗಳನ್ನು ಕೊಂಡು, ಬಿಚ್ಚಿ, ವಾಲ್ವುಗಳನ್ನು ಹೊಂದಿಸಿ, ಹೊಸದಾಗಿ ಕಟ್ಟಿಕೊಂಡ ಕಾಲ ಅದು. ಹೊರದೇಶದಿಂದ ತರಿಸಲು ಹಣಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕಾಗಿದ್ದಿತು. ದೂರದ ಹವ್ಯಾಸಿಯೊಡನೆ ಮಾತಾದ ಬಳಿಕ ಸಾಕ್ಷಿಗಾಗಿ ಅಂಚೆಯ ಮೂಲಕ ಕಳುಹಿಸುವ ಬಣ್ಣದ ಕಾರ್ಡುಗಳು ಗೋಡೆಯನ್ನೆಲ್ಲ ತುಂಬುತ್ತಿದ್ದವು. ಭೂಗೋಳವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವನ್ನು ನಾವರಿಯೆವು. 1978ರಲ್ಲಿ ಹವ್ಯಾಸಿ ಸೇವೆಯ ನಿಯಮಗಳು ಬಂದವು. ಮುಂದಿನ ತಿದ್ದುಪಡಿಗಳಿಂದ 12 ವರ್ಷ ತುಂಬಿದ ಬಾಲಕ ಬಾಲಕಿಯರೂ ಪರೀಕ್ಷೆಗೆ ಕುಳಿತು ಪರವಾನಗಿ ಪಡೆಯುವಂತಾಯಿತು. ಕೆಳಗಿನ ದರ್ಜೆಗೆ ಮೋರ್ಸ್ ಸಂಕೇತವೂ ಕಡ್ಡಾಯವಲ್ಲ. ವ್ಯಾಪಾರದ ಮಾತು, ಗುಪ್ತಭಾಷೆ, ಸಂಗೀತ ಪ್ರಸಾರ, ಇವು ಹವ್ಯಾಸಿಗೆ ನಿಷಿದ್ಧ. ಗೋಪಾಲಸ್ವಾಮಿಯವರು ಮಾಡಿದುದನ್ನು ಹವ್ಯಾಸಿಯ ಪರವಾನಗಿ ಹಿಡಿದು ಇಂದು ಯಾರೂ ಮಾಡಲಾಗದು. ಮನೆಮಾತಿನಲ್ಲಿ ಗೆಳೆಯನೊಡನೆ ಸಂಭಾಷಿಸುವುದಕ್ಕೆ ಮಾತ್ರ ತಡೆಯಿಲ್ಲ.

ಪರೀಕ್ಷೆಯೇ ಬೇಡವೆನ್ನುವವರಿಗಾಗಿ ಅಮೆರಿಕದಲ್ಲಿ 1958ರಿಂದ 27 ಮೆಗಾಹರ್ಟ್ಸಿನ ಬಳಿ 'ನಾಗರಿಕರ ಪಟ್ಟಿ'ಯೊಂದು ತೆರೆದಿದೆ; ಸಿ.ಬಿ. ಎಂದು ಅದಕ್ಕೆ ರೂಢಿಯ ಹೆಸರು. 1973ರ ತೈಲ ಮುಗ್ಗಟ್ಟಿನಲ್ಲಿ ಎಲ್ಲಿ ಎಣ್ಣೆಯಿದೆ, ಎಲ್ಲಿ ಪೋಲೀಸರಿದ್ದಾರೆ ಎಂದು ಲಾರಿ ಚಾಲಕರು ಇದರಲ್ಲಿ ಪರಸ್ಪರ ತಿಳಿಸತೊಡಗಿದ ಮೇಲೆ ಅದು ಮನೆಮನೆಗೂ ಹಬ್ಬಿತು. ನಮ್ಮಲ್ಲಿ 2005ರಲ್ಲಿ ಈ ಪಟ್ಟಿಯನ್ನು 5 ವಾಟಿನ ಮಿತಿಯೊಳಗೆ ಪರವಾನಗಿಯಿಲ್ಲದೆ ಬಳಸಲು ಬಿಟ್ಟರು. ಅಷ್ಟರಲ್ಲಿ ಜೇಬಿನ ಫೋನು ಬಂದಾಗಿದ್ದಿತು, ಸಿ.ಬಿ.ಯು ಇಲ್ಲಿ ಬೇರೂರಲಿಲ್ಲ.

ಜೇಬಿನ ಫೋನು ಇರುವಾಗ ಮನೆಯೊಳಗೊಂದು ನಿಲಯವೇಕೆಂಬ ಪ್ರಶ್ನೆಗೆ 2004ರ ಡಿಸೆಂಬರ್ 26ನೆಯ ದಿನವು ಉತ್ತರ ಕೊಟ್ಟಿತು. ಹವ್ಯಾಸಿ ಭಾರತಿ ಪ್ರಸಾದ್ ಅವರು ಸಂಗಡಿಗರೊಡನೆ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿ, ಹೋಟೆಲೊಂದರಲ್ಲಿ ನಿಲಯವನ್ನು ಹೂಡಿ, ಲೋಕದ ಹವ್ಯಾಸಿಗಳೊಡನೆ ಸಂಭಾಷಿಸುತ್ತಿದ್ದರು. ಅಂಡಮಾನಿನಿಂದ ಹವ್ಯಾಸಿಯ ದನಿ ಕೇಳಿ 17 ವರ್ಷಗಳಾಗಿದ್ದುದರಿಂದ ಅವರ ಕರೆಗೆ ಎಲ್ಲೆಡೆಯಿಂದಲೂ ನೂಕುನುಗ್ಗಲು. ಆ ಬೆಳಿಗ್ಗೆ ಭೂಮಿ ನಡುಗಿ ಸುನಾಮಿ ಬಂದಿತು, ಫೋನುಗಳು ಸತ್ತವು. ವಿನೋದಕ್ಕೆಂದು ಹೂಡಿದ್ದ ನಿಲಯವು ದ್ವೀಪಕ್ಕೂ ಮುಖ್ಯಭೂಮಿಗೂ ನಡುವೆ ಬದುಕಿರುವವರ ಸುದ್ದಿಯನ್ನು ಸಾಗಿಸುವ ಸೇತುವೆಯಾಯಿತು. 2018ರ ಆಗಸ್ಟಿನಲ್ಲಿ ನಮ್ಮ ಬೆಟ್ಟಗಳ ಆಚೆಯ ಕೇರಳವು ಪ್ರವಾಹದಲ್ಲಿ ಮುಳುಗಿದಾಗಲೂ ಅಲ್ಲಿಯ ಹವ್ಯಾಸಿಗಳು ಹೀಗೆಯೇ ದುಡಿದರು.

ಬೆಟ್ಟಗಳ ಮಾತು ಬಂದುದರಿಂದ ನಮ್ಮ ನೆಲದ ವಿಷಯವನ್ನೂ ಹೇಳಬೇಕು. ಕಂಬಂ ಕಣಿವೆಗೆ ಒಂದು ಕಡೆ ಕೇರಳದ ಗಡಿಯ ಘಟ್ಟ, ಇನ್ನೊಂದು ಕಡೆ ಮೇಘಮಲೆಯ ಸಾಲು. ಮುಲ್ಲೈ ಪೆರಿಯಾರಿನ ನೀರನ್ನು ಇತ್ತ ತರುವುದಕ್ಕೇ ಬೆಟ್ಟವನ್ನು ಕೊರೆದು 1895ರಲ್ಲಿ ಸುರಂಗ ತೆರೆಯಬೇಕಾಯಿತು. ಎಫ್.ಎಂ. ಪ್ರಸಾರದ ತರಂಗಗಳಾಗಲಿ, ಹವ್ಯಾಸಿಗಳ 144 ಮೆಗಾಹರ್ಟ್ಸಿನ ತರಂಗಗಳಾಗಲಿ ಬಹುಮಟ್ಟಿಗೆ ಕಣ್ಣಿಗೆ ಕಾಣುವ ದಾರಿಯಲ್ಲಿಯೇ ಸಾಗುವುದರಿಂದ ಬೆಟ್ಟಕ್ಕೆ ತಾಗಿ ನಿಲ್ಲುತ್ತವೆ. ಕೊಡೈಕೆನಾಲಿನ ಎಫ್.ಎಂ. ನಿಲಯವು ದೂರದೂರಕ್ಕೆ ಕೇಳಿಸುವುದು ಅದು ಬೆಟ್ಟದ ನೆತ್ತಿಯಲ್ಲಿ ಇರುವ ಕಾರಣದಿಂದ. ಕಣಿವೆಯ ತಳದಲ್ಲಿರುವ ಮನೆಯವನು ಬೇರೆ ಉಪಾಯ ಹುಡುಕಬೇಕು. ಉಪಾಯವು ತಲೆಯ ಮೇಲೆಯೇ ಇದೆ.

ಭೂಮಿಯಿಂದ ಸುಮಾರು 60 ಕಿಲೋಮೀಟರು ಮೇಲಿನಿಂದ ತೊಡಗಿ 400 ಕಿಲೋಮೀಟರಿನಾಚೆಗೂ ಸೂರ್ಯನ ಕಿರಣಗಳಿಂದ ವಿದ್ಯುದಂಶ ಪಡೆದ ವಾಯುಸ್ತರಗಳಿವೆ. ಅಯಾನಮಂಡಲವೆಂದು ಅವಕ್ಕೆ ಹೆಸರು. ಹ್ರಸ್ವ ತರಂಗಗಳು ಅಲ್ಲಿಂದ ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತವೆ. ಈ ಸ್ತರಗಳನ್ನು ಅಳೆಯುವ ಕೆಲಸವು ನಮ್ಮ ದಿಂಡಿಗಲ್ಲು ಜಿಲ್ಲೆಯಲ್ಲಿಯೇ ನಡೆದಿದೆಯೆಂಬುದನ್ನು ಎಷ್ಟು ಜನ ಬಲ್ಲರು? 1899ರಲ್ಲಿ ಸ್ಥಾಪಿತವಾದ ಕೊಡೈಕೆನಾಲಿನ ಸೌರ ವೀಕ್ಷಣಾಲಯದಲ್ಲಿ 1909ರಲ್ಲಿ ಜಾನ್ ಎವರ್‌ಶೆಡ್ಡರು ಸೂರ್ಯನ ಕಲೆಗಳಿಂದ ಹೊರಮುಖವಾಗಿ ಹರಿಯುವ ಅನಿಲದ ಚಲನೆಯನ್ನು ಕಂಡುಹಿಡಿದುದು ಪ್ರಸಿದ್ಧ. ಅಲ್ಲಿಯೇ 1950ರ ದಶಕದಿಂದ ಅಯಾನಮಂಡಲದ ವೀಕ್ಷಣೆಯೂ ನಡೆಯಿತು: ಕಂಪನಾಂಕವನ್ನು ಏರಿಸುತ್ತ ತರಂಗಗಳನ್ನು ನೆಟ್ಟಗೆ ಮೇಲಕ್ಕೆ ಕಳುಹಿಸಿ, ಪ್ರತಿಧ್ವನಿ ಮರಳಲು ಹಿಡಿದ ಕಾಲದಿಂದ ಸ್ತರದ ಎತ್ತರವನ್ನು ಲೆಕ್ಕಹಾಕುವುದು. ಭೂಕಾಂತದ ಸಮಭಾಜಕಕ್ಕೆ ಕೊಡೈಕೆನಾಲು ಹತ್ತಿರವಿರುವುದರಿಂದ ಲೋಕದ ವಿಜ್ಞಾನಿಗಳಿಗೆ ಈ ಅಳತೆಗಳಲ್ಲಿ ವಿಶೇಷ ಆಸಕ್ತಿ.

ಬೆಟ್ಟದ ಮೇಲೆ ವಿಜ್ಞಾನಿಗಳು ಮಾಡಿದುದನ್ನೇ ಕಣಿವೆಯಲ್ಲಿ ಹವ್ಯಾಸಿಯು ತಂತಿಯನ್ನು ತಗ್ಗಾಗಿ ಕಟ್ಟಿ ಮಾಡಬಲ್ಲನು. ನೆಲದಿಂದ ಐದಾರು ಮೀಟರು ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದ 7 ಮೆಗಾಹರ್ಟ್ಸಿನ ಏರಿಯಲ್ಲು ತನ್ನ ಶಕ್ತಿಯನ್ನು ಹೆಚ್ಚಾಗಿ ನೆಟ್ಟಗೆ ಮೇಲಕ್ಕೆ ಎಸೆಯುತ್ತದೆ. ಅದು ಸುಮಾರು 300 ಕಿಲೋಮೀಟರು ಎತ್ತರದಿಂದ ಹಿಂದಿರುಗಿ, ಕೊಡೆ ಬಿಚ್ಚಿದಂತೆ ಸುತ್ತಲಿನ ನಾಡಿನ ಮೇಲೆ ಬೀಳುತ್ತದೆ. ಬೆಟ್ಟವು ಅಡ್ಡ ಬರುವುದಿಲ್ಲ. ಗೋಪುರವೂ ಬೇಡ, ನಡುವೆ ಯಾವ ಕಂಪೆನಿಯೂ ಬೇಡ. ಕಂಬದಿಂದ ಮೈಸೂರಿಗೆ ನೇರ ದೂರ ಸುಮಾರು 290 ಕಿಲೋಮೀಟರು. ಮೇಲೆ ಹೋಗಿ ಇಳಿಯುವ ದಾರಿಯನ್ನು ಎಣಿಸಿದರೆ 670 ಕಿಲೋಮೀಟರಿನಷ್ಟಾಗುತ್ತದೆ. ಸೂರ್ಯನು ಏರಿ ಸ್ತರಗಳು ಬಲಿತಿರುವ ಹಗಲಿನ ಹೊತ್ತು ಇಲ್ಲಿಯ ಹುಡುಗಿಯೊಬ್ಬಳು ತನ್ನ ಮನೆಯ ಕನ್ನಡದಲ್ಲಿ ಕರೆದರೆ, ವಿಠಲ ವಿಹಾರವಿದ್ದ ಊರಿನ ಹವ್ಯಾಸಿಯ ಕಿವಿಗೆ ಆ ಕರೆ ಮುಟ್ಟಲು ಸೆಕೆಂಡಿನ 500ರಲ್ಲಿ ಒಂದು ಭಾಗಕ್ಕಿಂತ ಕೊಂಚ ಹೆಚ್ಚು ಕಾಲ ಸಾಕು.